ಹೊನ್ನನ್ನು ಕಾಯುವ ಹಕ್ಕಿ



ಕಳೆದ ತಿಂಗಳು ಒಂದು ಭಾನುವಾರ ಸಾಯಂಕಾಲ ಸಿಂಧನೂರಿನ ನಮ್ಮ ಮನೆಯ ಜಗಲಿಯ ಮೇಲೆ ನಾನು ಕುಳಿತಿರಲಾಗಿ, ಒಂಬತ್ತು ವರ್ಷದ ನನ್ನ ಮೊಮ್ಮಗನು ಬಣ್ಣದ ಚಿತ್ರಗಳುಳ್ಳ ಪುಸ್ತಕವೊಂದನ್ನು ತಂದು ನನ್ನ ಮುಂದೆ ಬಿಚ್ಚಿದನು. ಅದು ಗ್ರೀಕರ ದೇವತೆಗಳನ್ನೂ ವೀರರನ್ನೂ ವಿಚಿತ್ರಪ್ರಾಣಿಗಳನ್ನೂ ಕುರಿತ ಪುಸ್ತಕ. ಹದ್ದಿನ ತಲೆಯೂ ರೆಕ್ಕೆಯೂ, ಸಿಂಹದ ಒಡಲೂ ಇದ್ದ ಒಂದು ಪ್ರಾಣಿಯ ಮೇಲೆ ಬೆರಳಿಟ್ಟು, “ತಾತಾ, ಇದು ಚಿನ್ನವನ್ನು ಕಾಯುತ್ತದೆಯಂತೆ. ಹಟ್ಟಿಯ ಗಣಿಯಲ್ಲಿಯೂ ಇದು ಇದೆಯೇ?” ಎಂದು ಕೇಳಿದನು. ನನಗೆ ನಗು ಬಂದಿತು. ಆದರೆ ನಗುವುದಕ್ಕೆ ಮುನ್ನವೇ ಹಳೆಯದೊಂದು ಪ್ರಸಂಗವು ನೆನಪಾಗಿ ನಗು ಅಲ್ಲಿಯೇ ನಿಂತುಹೋಯಿತು. ಆ ಪ್ರಸಂಗವನ್ನು ಮುಂದೆ ಅರಿಕೆ ಮಾಡುವೆನು. ಮೊದಲು ಹುಡುಗನ ಪ್ರಶ್ನೆಯನ್ನು ನೋಡೋಣ.

ಆ ಪ್ರಾಣಿಗೆ ಗ್ರಿಫಿನ್ ಎಂದು ಹೆಸರು. ನಮ್ಮ ಗಂಡಭೇರುಂಡ, ಶರಭ, ದೇವಾಲಯದ ಕಂಬಗಳ ಮೇಲಿನ ಯಾಳಿ ಇವುಗಳ ದಾಯಾದಿಯೆಂದು ಭಾವಿಸಿದರೆ ಅದರ ರೂಪವು ಸುಲಭವಾಗಿ ಮನಸ್ಸಿಗೆ ಬರುತ್ತದೆ. ಕ್ರಿಸ್ತಪೂರ್ವ ಐದನೆಯ ಶತಮಾನದ ಇತಿಹಾಸಕಾರನಾದ ಹೆರೊಡೋಟಸನು ಇದರ ವಿಷಯವಾಗಿ ತಾನು ಕೇಳಿದ್ದನ್ನು ಬರೆದಿದ್ದಾನೆ. ಉತ್ತರದ ದೂರದೇಶದಲ್ಲಿ ಗ್ರಿಫಿನ್ನುಗಳು ಚಿನ್ನವನ್ನು ಕಾಯುತ್ತವೆ. ಒಕ್ಕಣ್ಣಿನ ಜನರಾದ ಅರಿಮಾಸ್ಪರು ಅದನ್ನು ಅವುಗಳಿಂದ ಕದಿಯುತ್ತಾರೆ ಎಂಬುದು ಆ ಕಥೆ. ಒಕ್ಕಣ್ಣಿನ ಮನುಷ್ಯರು ಇರಬಹುದೆಂಬುದನ್ನು ಮಾತ್ರ ತಾನು ನಂಬೆನೆಂದು ಆತನೇ ಹೇಳಿರುವುದರಿಂದ, ಅವನನ್ನು ಕೇವಲ ಮುಗ್ಧನೆಂದು ತಿಳಿಯತಕ್ಕದ್ದಲ್ಲ.

ಅದೇ ಗ್ರಂಥದಲ್ಲಿ ನಮ್ಮ ದೇಶದ ಚಿನ್ನದ ಮಾತೂ ಬಂದಿದೆ. ಭಾರತದ ಮರಳುಗಾಡೊಂದರಲ್ಲಿ ನಾಯಿಗಿಂತ ಚಿಕ್ಕದಾಗಿಯೂ ನರಿಗಿಂತ ದೊಡ್ಡದಾಗಿಯೂ ಇರುವ ಇರುವೆಗಳಿವೆಯಂತೆ. ಅವು ಬಿಲ ತೋಡುವಾಗ ಹೊರಗೆಸೆಯುವ ಮರಳಿನಲ್ಲಿ ಚಿನ್ನವಿರುತ್ತದೆಯಂತೆ. ಜನರು ಸುಡುಬಿಸಿಲಿನಲ್ಲಿ, ಇರುವೆಗಳು ನೆಲದೊಳಗೆ ಅಡಗಿರುವಾಗ ಒಂಟೆಗಳನ್ನೇರಿ ಹೋಗಿ, ಚೀಲ ತುಂಬಿಕೊಂಡು, ಅವು ಅಟ್ಟಿಬರುವುದರೊಳಗಾಗಿ ಓಡಿಬರುತ್ತಾರಂತೆ. ಇದನ್ನು ಕೇಳಿ ಗ್ರೀಕರನ್ನು ಹಾಸ್ಯ ಮಾಡಬೇಡಿರಿ. ನಮ್ಮ ಮಹಾಭಾರತದ ಸಭಾಪರ್ವದಲ್ಲಿ, ಯುಧಿಷ್ಠಿರನ ರಾಜಸೂಯಕ್ಕೆ ಉತ್ತರದ ಪರ್ವತವಾಸಿಗಳು ತಂದ ಕಾಣಿಕೆಗಳ ಸಾಲಿನಲ್ಲಿ ‘ಪಿಪೀಲಿಕ’ವೆಂಬ ಚಿನ್ನವಿದೆ. ಪಿಪೀಲಿಕೆಯೆಂದರೆ ಇರುವೆಯೇ. ಇರುವೆಗಳು ಎತ್ತಿದ ಚಿನ್ನವಾದ್ದರಿಂದ ಅದಕ್ಕೆ ಆ ಹೆಸರು.

ಒಂದೇ ವದಂತಿಯು ಎರಡು ಭಾಷೆಗಳಲ್ಲಿ ಹೇಗೆ ಬಂದಿತು? ನನಗೆ ತೋರುವ ಕಾರಣ ಇದು. ಚಿನ್ನವನ್ನು ಧರಿಸುವವನು ಅದನ್ನು ಅಗೆದವನನ್ನು ಕಂಡಿರುವುದಿಲ್ಲ. ಅಗೆಯುವ ಸ್ಥಳವು ದೂರ, ಅಗೆಯುವ ಜನರು ಅಪರಿಚಿತರು. ಆ ಬರಿದಾದ ಸ್ಥಾನದಲ್ಲಿ ಕಥೆಯು ಒಂದು ಹಕ್ಕಿಯನ್ನೋ ಇರುವೆಯನ್ನೋ ಸರ್ಪವನ್ನೋ ತಂದು ನಿಲ್ಲಿಸುತ್ತದೆ.

ಜೇಸನನ ಕಥೆಯನ್ನೇ ತೆಗೆದುಕೊಳ್ಳಿರಿ. ಆ ವೀರನು ಐವತ್ತು ಮಂದಿ ಸಂಗಡಿಗರೊಡನೆ ಆರ್ಗೋ ಎಂಬ ನೌಕೆಯನ್ನೇರಿ, ಕಪ್ಪುಸಮುದ್ರದ ಪೂರ್ವತೀರದ ಕೊಲ್ಕಿಸ್ ದೇಶಕ್ಕೆ ಹೋಗಿ, ನಿದ್ರೆಯನ್ನೇ ಅರಿಯದ ಘಟಸರ್ಪವು ಕಾಯುತ್ತಿದ್ದ ಚಿನ್ನದ ತುಪ್ಪುಳಿನ ಟಗರಿನ ಚರ್ಮವನ್ನು, ರಾಜಪುತ್ರಿ ಮೆಡಿಯಾಳ ಸಹಾಯದಿಂದ ತಂದನು. ಸ್ಟ್ರಾಬೋ ಎಂಬ ಭೂಗೋಳಶಾಸ್ತ್ರಜ್ಞನು ಇದಕ್ಕೊಂದು ಸರಳವಾದ ವಿವರಣೆಯನ್ನು ಬರೆದಿಟ್ಟಿದ್ದಾನೆ. ಆ ನಾಡಿನ ಹಳ್ಳಗಳಲ್ಲಿ ಚಿನ್ನದ ಕಣಗಳು ಹರಿದು ಬರುತ್ತಿದ್ದವೆಂದೂ, ಜನರು ತೂತುಗಳುಳ್ಳ ದೋಣಿಗಳಿಂದಲೂ ಉಣ್ಣೆಯುಳ್ಳ ಚರ್ಮಗಳಿಂದಲೂ ಅವನ್ನು ಹಿಡಿಯುತ್ತಿದ್ದರೆಂದೂ, ಕಥೆಯು ಅದರಿಂದಲೇ ಹುಟ್ಟಿತೆಂದೂ ಆತನ ಅಭಿಪ್ರಾಯ. ನಮ್ಮ ಕಡೆ ಕಪ್ಪತಗುಡ್ಡದ ಹಳ್ಳಗಳಲ್ಲಿ ಮರಳನ್ನು ತೊಳೆದು ಚಿನ್ನದ ಪುಡಿಯನ್ನು ಕೂಡಿಸುತ್ತಿದ್ದ ಜಲಗಾರರೆಂಬವರಿದ್ದರು. ಚಳಿಯ ನೀರಿನಲ್ಲಿ ಮೊಳಕಾಲುದ್ದ ನಿಂತು ಮರಿಗೆಯನ್ನು ಅಲುಗಿಸುವವನು ಜೇಸನನ ಕಥೆಯಲ್ಲಿ ಎಲ್ಲಿದ್ದಾನೆ? ಇಲ್ಲ, ಸರ್ಪವಿದೆ.

ಆದರೂ ಗ್ರೀಕರು ಈ ಸಂಗತಿಯನ್ನು ಪೂರ್ಣವಾಗಿ ಮರೆತವರಲ್ಲ. ಅವರು ಪಾತಾಳಾಧಿಪತಿಯಾದ ಹೇಡೀಸನಿಗೆ ಪ್ಲೂಟೋ, ಅಂದರೆ ಐಶ್ವರ್ಯವಂತ ಎಂಬ ಮತ್ತೊಂದು ಹೆಸರನ್ನು ಕೊಟ್ಟಿದ್ದರು. ನಮ್ಮಲ್ಲಿ ಯಮನು ಬೇರೆ, ಕುಬೇರನು ಬೇರೆ. ಅವರಲ್ಲಿ ಸತ್ತವರ ದೊರೆಯೂ ಸಂಪತ್ತಿನ ದೊರೆಯೂ ಒಬ್ಬನೇ. ಬೆಳೆಯೂ ಲೋಹವೂ ನೆಲದೊಳಗಿಂದಲೇ ಬರುವುವಷ್ಟೆ. ಹಾಗೆಯೇ ಅವರ ವಿಶ್ವಕರ್ಮನಾದ ಹೆಫೈಸ್ಟಸನು ಕುಂಟನು. ಒಲಿಂಪಸ್ ಪರ್ವತದ ದೇವತೆಗಳೊಳಗೆ ಕುಲುಮೆಯ ಮುಂದೆ ಬೆವರು ಸುರಿಸಿ ದುಡಿಯುವವನು ಅವನೊಬ್ಬನೇ. ಅಕಿಲೀಸನ ಗುರಾಣಿಯನ್ನು ಎರಕ ಹೊಯ್ದವನು ಅವನೇ. ಅಂಥವನು ದೇವಸಭೆಯಲ್ಲಿ ಕುಂಟುತ್ತಾ ಪಾನಪಾತ್ರೆಯನ್ನು ಹಂಚುತ್ತಿದ್ದಾಗ ದೇವತೆಗಳೆಲ್ಲರೂ ನಕ್ಕರೆಂದು ಹೋಮರನ ಇಲಿಯಡ್ ಕಾವ್ಯದ ಮೊದಲನೆಯ ಭಾಗದಲ್ಲಿದೆ. ಈ ನಗುವನ್ನು ವಾಚಕರು ನೆನಪಿನಲ್ಲಿಡಬೇಕೆಂದು ಬೇಡುತ್ತೇನೆ.

ಈಗ ಹಟ್ಟಿಗೆ ಬರೋಣ. ಲಿಂಗಸುಗೂರು ತಾಲೂಕಿನ ಈ ಗಣಿಯು ನಿಜಾಮರ ಕಾಲದಲ್ಲಿ ಒಂದು ಕಂಪನಿಯಿಂದ ನಡೆದು, 1920ರಲ್ಲಿ ನಿಂತು, 1947ರ ಅನಂತರ ಹೊಸ ಕಂಪನಿಯಿಂದ ಮರಳಿ ಎದ್ದಿತು. ಕೋಲಾರದ ಗಣಿಗಳು 2001ರಲ್ಲಿ ಮುಚ್ಚಿದ ಮೇಲೆಯೂ ಇಲ್ಲಿ ಚಿನ್ನವು ದೊರೆಯುತ್ತಲೇ ಇದೆ. ಆದರೆ ಇಂಗ್ಲಿಷರು ಇಲ್ಲಿ ಮೊದಲಿಗರಲ್ಲ. ಅವರು ಇಳಿದಾಗ, ತಮಗಿಂತ ಮುಂಚೆ ಆರುನೂರು ಅಡಿಗಳಷ್ಟು ಆಳಕ್ಕೆ ಯಾರೋ ಇಳಿದಿದ್ದರೆಂಬುದನ್ನು ಕಂಡು ಬೆರಗಾದರು. ಹಳೆಯ ಸುರಂಗಗಳಲ್ಲಿ ದೊರೆತ ಮರದ ತುಂಡುಗಳನ್ನು ಪರೀಕ್ಷಿಸಿದಾಗ ಅವು ಸುಮಾರು ಎರಡು ಸಾವಿರ ವರ್ಷಗಳಷ್ಟು ಹಿಂದಿನವೆಂದು ತಿಳಿದುಬಂದಿತು. ಮದ್ದುಗುಂಡು ಇಲ್ಲದ ಆ ಕಾಲದಲ್ಲಿ ಬಂಡೆಗೆ ಸೌದೆಯೊಟ್ಟಿ ಬೆಂಕಿಯಿಟ್ಟು, ಕಾದು ಬಿರಿದ ಕಲ್ಲನ್ನು ಕಿತ್ತು, ಮೇಲಕ್ಕೆ ಹೊತ್ತು, ಅರೆದು, ತೊಳೆಯುತ್ತಿದ್ದರು. ಆ ಹೊಗೆಯಲ್ಲಿ ಉಸಿರಾಡಿದವರ ಒಂದು ಹೆಸರೂ ನಮಗೆ ಉಳಿದಿಲ್ಲ.

ಇದೇ ರೀತಿಯ ಕೆಲಸವನ್ನು ಅಗಾಥಾರ್ಕಿಡಿಸ್ ಎಂಬ ಗ್ರೀಕ್ ಲೇಖಕನು ಕ್ರಿಸ್ತಪೂರ್ವ ಎರಡನೆಯ ಶತಮಾನದಲ್ಲಿ ಈಜಿಪ್ಟಿನ ದಕ್ಷಿಣದ ಗಣಿಗಳ ವಿಷಯವಾಗಿ ವರ್ಣಿಸಿದ್ದಾನೆ. ಕಾಲಿಗೆ ಸಂಕೋಲೆ, ಹಣೆಗೆ ಕಟ್ಟಿದ ದೀಪ, ಸುರಂಗದಲ್ಲಿ ಕಲ್ಲು ಆಯುವ ಎಳೆಯ ಮಕ್ಕಳು, ಬೀಸುವ ಕಲ್ಲಿನ ಮುಂದೆ ಹೆಂಗಸರು ಮತ್ತು ಮುದುಕರು. ಅಲ್ಲಿ ಗ್ರಿಫಿನ್ನೂ ಇಲ್ಲ, ಸರ್ಪವೂ ಇಲ್ಲ. ಕಣ್ಣಿಗೆ ಮನುಷ್ಯರು ಬಿದ್ದೊಡನೆ ಗ್ರೀಕನ ಲೇಖನಿಯಿಂದಲೂ ಆ ಪ್ರಾಣಿಗಳು ಹಾರಿಹೋದವು.

ಇನ್ನು ನನ್ನ ಪ್ರಸಂಗ. ಸುಮಾರು ಮೂವತ್ತು ವರ್ಷಗಳ ಹಿಂದೆ ನಾನು ಗಣಿಯ ಸಮೀಪದ ಒಂದು ಶಾಲೆಯಲ್ಲಿ ಉಪಾಧ್ಯಾಯನಾಗಿದ್ದೆನು. ಒಂದು ದಿನ ಮಕ್ಕಳಿಗೆ ಮೈಡಾಸ್ ರಾಜನ ಕಥೆಯನ್ನು ಹೇಳಿದೆನು. ಫ್ರಿಜಿಯಾ ದೇಶದ ಈ ದೊರೆಯು ಮದ್ಯದೇವನಾದ ಡಯೊನೈಸಸನ ಮುದಿ ಸಂಗಡಿಗನನ್ನು ಹತ್ತು ದಿನ ಉಪಚರಿಸಿದ ಪುಣ್ಯಕ್ಕೆ, ತಾನು ಮುಟ್ಟಿದ್ದೆಲ್ಲ ಚಿನ್ನವಾಗಲೆಂದು ವರ ಬೇಡಿದನು. ಕಡ್ಡಿಯು ಚಿನ್ನವಾಯಿತು, ಕಲ್ಲು ಚಿನ್ನವಾಯಿತು, ತೆನೆ ಚಿನ್ನವಾಯಿತು. ಕಡೆಗೆ ಬಾಯಿಗಿಟ್ಟ ತುತ್ತೂ ಚಿನ್ನವಾಯಿತು. ನಮ್ಮ ಭಸ್ಮಾಸುರನಂತೆ ತನ್ನ ವರವೇ ತನಗೆ ಮುಳುವಾದಾಗ, ಹಸಿದ ಅರಸನು ದೇವರ ಮೊರೆಹೊಕ್ಕು, ಪ್ಯಾಕ್ಟೋಲಸ್ ನದಿಯಲ್ಲಿ ಮಿಂದು ಆ ವರವನ್ನು ಕಳೆದುಕೊಂಡನು. ಆ ನದಿಯ ಮರಳಿನಲ್ಲಿ ಚಿನ್ನವಿರುವುದು ಆದಕಾರಣವೇ ಎಂದು ಹಿಂದಿನವರು ಹೇಳುತ್ತಿದ್ದರು. ಅವನು ಮಗಳನ್ನು ಅಪ್ಪಿಕೊಂಡಾಗ ಅವಳೂ ಚಿನ್ನದ ಗೊಂಬೆಯಾದಳೆಂದು ಸಹ ನಾನು ಹೇಳಿದೆನು. ಅದು ಮೂಲಕಥೆಯಲ್ಲಿಲ್ಲವೆಂದೂ, ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದಲ್ಲಿ ಹಾಥಾರ್ನ್ ಎಂಬ ಅಮೆರಿಕದ ಲೇಖಕನು ಮಕ್ಕಳಿಗಾಗಿ ಸೇರಿಸಿದ್ದೆಂದೂ ನನಗೆ ತಿಳಿದದ್ದು ಬಹಳ ಕಾಲದ ಮೇಲೆ.

ಕಥೆ ಮುಗಿದ ಮೇಲೆ ಪದ್ಧತಿಯಂತೆ, “ಇದರಿಂದ ತಿಳಿಯುವ ನೀತಿಯೇನು?” ಎಂದು ಕೇಳಿದೆನು. ಮಕ್ಕಳು ಒಂದೇ ಕೊರಳಿನಿಂದ “ದುರಾಶೆ ಕೂಡದು” ಎಂದರು. ಹಿಂದಿನ ಸಾಲಿನ ಒಬ್ಬ ಹುಡುಗನು ಮಾತ್ರ ಎದ್ದು ನಿಂತು, “ಗುರುಗಳೇ, ಆ ವರ ನಮ್ಮಪ್ಪನಿಗೆ ಸಿಕ್ಕಿದ್ದರೆ ಅವನು ಕೆಳಗೆ ಇಳಿಯುವುದು ತಪ್ಪುತ್ತಿತ್ತು” ಎಂದನು. ತರಗತಿಯು ನಕ್ಕಿತು. ನಾನೂ ನಕ್ಕೆನು. ನೀತಿಯನ್ನು ಕೇಳಿದರೆ ಹುಚ್ಚುಮಾತಾಡುವೆಯಾ ಎಂದು ಗದರಿಸಿ ಅವನನ್ನು ಕೂರಿಸಿಬಿಟ್ಟೆನು. ಆ ವರ್ಷವೆಲ್ಲ ಅವನು ನನ್ನ ಮುಂದೆ ಮತ್ತೆ ಬಾಯಿ ತೆರೆಯಲಿಲ್ಲ. ವರ್ಷ ಮುಗಿದ ಮೇಲೆ ನನಗೆ ಬೇರೆ ಊರಿಗೆ ವರ್ಗವಾಯಿತು. ಅವನನ್ನು ಮತ್ತೆ ಕಂಡಿಲ್ಲ.

ಅವನು ಹೇಳಿದ್ದು ಹುಚ್ಚುಮಾತಲ್ಲವೆಂದು ತಿಳಿಯಲು ನನಗೆ ಇಷ್ಟು ವಯಸ್ಸಾಗಬೇಕಾಯಿತು. ಅರಮನೆಯಲ್ಲಿರುವವನಿಗೆ ಆ ವರವು ದುರಾಶೆ. ಕತ್ತಲಿಗಿಳಿಯುವವನ ಮಗನಿಗೆ ಅದು ತಂದೆಯು ಹಗಲಿನಲ್ಲಿ ಮನೆಯಲ್ಲಿರುವ ಆಸೆ. ಒಂದೇ ಕಥೆಯನ್ನು ನಾನು ಅರಸನ ಪಕ್ಕದಲ್ಲಿ ನಿಂತು ಹೇಳಿದೆನು. ಅವನು ಸುರಂಗದ ಬಾಯಲ್ಲಿ ನಿಂತು ಕೇಳಿದನು. ನಕ್ಕ ದೇವತೆಗಳ ಸಾಲಿನಲ್ಲಿ ನಾನೂ ಇದ್ದೆನು.

ಲಿಂಗಸುಗೂರಿನಿಂದ ಸಿಂಧನೂರಿಗೆ ಬರುವ ದಾರಿಯಲ್ಲಿ ಮಸ್ಕಿಯು ಸಿಕ್ಕುತ್ತದೆ. ಅಲ್ಲಿನ ಬೆಟ್ಟದ ಬಂಡೆಯ ಮೇಲೆ 1915ರಲ್ಲಿ ಬೀಡನ್ ಎಂಬ ಚಿನ್ನದ ಗಣಿಯ ಎಂಜಿನಿಯರನು ಒಂದು ಶಾಸನವನ್ನು ಕಂಡನು. ಅಲ್ಲಿಯವರೆಗೆ ದೊರೆತಿದ್ದ ಶಾಸನಗಳಲ್ಲಿ ದೇವಾನಾಂಪ್ರಿಯ, ಪ್ರಿಯದರ್ಶಿ ಎಂಬ ಬಿರುದುಗಳು ಮಾತ್ರ ಇದ್ದುವು. ಅಶೋಕನೆಂಬ ಹೆಸರು ಮೊದಲು ಓದಲ್ಪಟ್ಟದ್ದು ಮಸ್ಕಿಯಲ್ಲಿಯೇ. ಗ್ರೀಕರನ್ನು ಯವನರೆಂಬ ಹೆಸರಿನಿಂದ ಅರಿತಿದ್ದು, ಅವರ ಐವರು ದೊರೆಗಳ ಹೆಸರುಗಳನ್ನು ತನ್ನ ಬೇರೊಂದು ಶಾಸನದಲ್ಲಿ ಬರೆಯಿಸಿದ ಚಕ್ರವರ್ತಿಯು ಈತನೇ. ಮಸ್ಕಿಯ ಶಾಸನದ ತಾತ್ಪರ್ಯವೇನೆಂದರೆ, ಈ ಶ್ರೇಯಸ್ಸು ದೊಡ್ಡವರಿಗೆ ಮಾತ್ರ ಎಂದು ತಿಳಿಯಬಾರದು, ಧರ್ಮದಲ್ಲಿ ನಿಂತ ಸಣ್ಣವನೂ ಇದನ್ನು ಪಡೆಯಬಲ್ಲನು ಎಂದು. ಚಿನ್ನವನ್ನು ಹುಡುಕುವ ನಾಡಿನಲ್ಲಿ ಈ ಮಾತು ದೊರೆತದ್ದು ನನಗೆ ಎಲ್ಲ ಪುರಾಣಕ್ಕಿಂತಲೂ ಆಶ್ಚರ್ಯಕರವಾಗಿ ತೋರುತ್ತದೆ.

ಮೊಮ್ಮಗನಿಗೆ ನಾನು ಕೊಟ್ಟ ಉತ್ತರ ಇಷ್ಟು: “ಹಟ್ಟಿಯಲ್ಲಿ ಆ ಹಕ್ಕಿ ಇಲ್ಲ ಮಗು. ಅಲ್ಲಿ ತಲೆಗೆ ದೀಪ ಕಟ್ಟಿಕೊಂಡು ಇಳಿಯುವ ಮನುಷ್ಯರಿದ್ದಾರೆ. ಅವರು ಸಂಜೆ ಮನೆಗೆ ಬರುವುದನ್ನು ಮಕ್ಕಳು ಕಾಯುತ್ತಿರುತ್ತಾರೆ.” ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದರೆ ಅದನ್ನೂ ಪುಸ್ತಕದಲ್ಲಿ ಬರೆಯಬೇಕಾಗಿತ್ತು” ಎಂದನು. ಅಷ್ಟರಲ್ಲಿ ಒಳಗಿನಿಂದ ಊಟಕ್ಕೆ ಕರೆ ಬಂದಿತು. ತುಂಗಭದ್ರೆಯ ಕಾಲುವೆಯ ನೀರುಂಡು ಬೆಳೆದ ನಮ್ಮೂರ ಅಕ್ಕಿಯ ಅನ್ನವು ಎಲೆಯ ಮೇಲೆ ಹಬೆಯಾಡುತ್ತಿತ್ತು. ಮೈಡಾಸನು ಕಡೆಗೆ ಬೇಡಿಕೊಂಡದ್ದು ಇದನ್ನೇ ಅಲ್ಲವೇ?

ಗೃಹಸ್ಥರಲ್ಲಿಯೂ ಗೃಹಿಣಿಯರಲ್ಲಿಯೂ ನನ್ನದೊಂದು ಬಿನ್ನಹ. ಮಕ್ಕಳಿಗೆ ನಮ್ಮ ಕಥೆಗಳನ್ನೂ ಹೇಳಿರಿ, ಪರದೇಶದ ಕಥೆಗಳನ್ನೂ ಹೇಳಿರಿ. ಆದರೆ ನೀತಿಯನ್ನು ಅವಸರದಿಂದ ಒಪ್ಪಿಸಿಕೊಳ್ಳಬೇಡಿರಿ. ಹಿಂದಿನ ಸಾಲಿನ ಮಗುವು ಏನನ್ನು ಕೇಳಿಸಿಕೊಂಡಿತೆಂದು ಒಮ್ಮೆ ವಿಚಾರಿಸಿರಿ. ಅದು ಹೇಳುವಾಗ ನಗಬೇಡಿರಿ.