ಅಶ್ವಗಂಧಕ್ಕೂ ಪರೀಕ್ಷೆ ಆಗಲಿ

ಬಾಯಿ, ಗಂಟಲಿನ ಕ್ಯಾನ್ಸರ್ ಆದವರ ಮುಖಕ್ಕೆ ಪ್ಲಾಸ್ಟಿಕ್ ಮಾಸ್ಕ್ ಬಿಗಿದು, ಅಲುಗದಂತೆ ಮಲಗಿಸಿ, ಜನ "ಕರೆಂಟ್" ಎನ್ನುವ ವಿಕಿರಣ ಕೊಡುವುದು ನನ್ನ ಕೆಲಸ. ನಾನು ರೇಡಿಯೇಷನ್ ಟೆಕ್ನಾಲಜಿಸ್ಟ್. ಬರುವವರಲ್ಲಿ ಬಹಳಷ್ಟು ಮಂದಿ ಗುಟ್ಕಾ, ತಂಬಾಕು ಅಗಿದವರು. ಜೊತೆಗೆ ಬಂದ ಮಗನೋ ಸೊಸೆಯೋ ಬಾಗಿಲಲ್ಲಿ ತಡೆದು ಕೇಳುತ್ತಾರೆ: "ಸರ್, ಅಶ್ವಗಂಧದ ಪುಡಿ ಕೊಡ್ತಾ ಇದೀವಿ, ಅರಿಶಿನದ ಮಾತ್ರೇನೂ ಇದೆ. ಡಾಕ್ಟ್ರಿಗೆ ಹೇಳ್ಬೇಡಿ, ಬೈತಾರೆ."

ಗಿಡದಲ್ಲಿ ಏನಿದೆ ಎಂದು ನಾನು ತಳ್ಳಿಹಾಕಲಾರೆ. ಕ್ಯಾನ್ಸರ್‌ಗೆ ಕೊಡುವ ಡೋಸೆಟ್ಯಾಕ್ಸೆಲ್ ಔಷಧದ ಮೂಲವೇ ಯುರೋಪಿನ ಯೂ ಮರದ ಸೂಜಿಯಂಥ ಎಲೆ. ಜೀವಕೋಶ ಒಡೆದು ಎರಡಾಗಲು ಹೊರಟಾಗ ಅದು ಕೋಶವನ್ನು ಅಲ್ಲೇ ಕಟ್ಟಿಹಾಕುತ್ತದೆ. ವಿಕಿರಣದ ಪೆಟ್ಟು ಹೆಚ್ಚು ತಾಗುವುದೂ ಆ ಹಂತದಲ್ಲೇ. ಕಿಡ್ನಿ ಸೋತೋ, ಕಿವಿ ಮಂದವಾಗಿಯೋ ಸಿಸ್‌ಪ್ಲಾಟಿನ್ ಎಂಬ ಕ್ಯಾನ್ಸರ್ ಔಷಧ ತಡೆಯಲಾರದ ತಲೆ-ಕುತ್ತಿಗೆ ಕ್ಯಾನ್ಸರ್ ರೋಗಿಗಳಿಗೆ ಮುಂಬೈನ ಟಾಟಾ ಸ್ಮಾರಕ ಆಸ್ಪತ್ರೆಯವರು ವಾರಕ್ಕೊಮ್ಮೆ ಸಣ್ಣ ಪ್ರಮಾಣದಲ್ಲಿ ಡೋಸೆಟ್ಯಾಕ್ಸೆಲ್ ಅನ್ನು ರೇಡಿಯೇಷನ್ ಜೊತೆ ಕೊಟ್ಟು ನೋಡಿದರು. ಒಟ್ಟು 356 ಜನ. ರೇಡಿಯೇಷನ್ ಮಾತ್ರ ಪಡೆದವರಲ್ಲಿ ಎರಡು ವರ್ಷದ ನಂತರ ಬದುಕಿದ್ದವರು ಶೇ. 41.7, ಔಷಧವೂ ಸೇರಿದಾಗ ಶೇ. 50.8. ತೀವ್ರ ಬಾಯಿಹುಣ್ಣು ಮಾತ್ರ ಎರಡು ಪಟ್ಟಿಗೂ ಮೀರಿತು. 2023ರಲ್ಲಿ ಪ್ರಕಟವಾದ ಆ ವರದಿಯಲ್ಲಿ ಲಾಭದ ಪಕ್ಕದಲ್ಲೇ ಈ ನೋವಿನ ಲೆಕ್ಕವೂ ಇದೆ. ನನಗೆ ಅದರಲ್ಲಿ ನಂಬಿಕೆ ಹುಟ್ಟಿದ್ದೇ ಅದಕ್ಕೆ.

ಅಶ್ವಗಂಧದ ಕೆಲಸ ನಮ್ಮಲ್ಲೇ ಶುರುವಾಗಿತ್ತು. ಮಣಿಪಾಲದ ಕಸ್ತೂರಬಾ ಮೆಡಿಕಲ್ ಕಾಲೇಜಿನಲ್ಲಿ ಪಿ. ಉಮಾದೇವಿ ಮತ್ತು ಸಂಗಡಿಗರು 1990ರ ದಶಕದಲ್ಲೇ ಅದರೊಳಗಿನ ವಿಥಫೆರಿನ್-ಎ ಎಂಬ ಅಂಶ ಇಲಿಗಳ ಗಡ್ಡೆಯ ಮೇಲೆ ವಿಕಿರಣದ ಪರಿಣಾಮವನ್ನು ಹೆಚ್ಚಿಸುತ್ತದೆಂದು ತೋರಿಸಿದ್ದರು. ಇಷ್ಟು ವರ್ಷ ಕಳೆದರೂ ಟಾಟಾದವರದಂಥ ದೊಡ್ಡ ಪರೀಕ್ಷೆಯನ್ನು ಅದು ಕಂಡಿಲ್ಲ. ಅಂಗಡಿಯ ಕಪಾಟಿಗೆ ಮಾತ್ರ ಬಂದು ಕೂತಿದೆ.

ಆ ಡಬ್ಬಿಯಲ್ಲಿ ವಿಥಫೆರಿನ್ ಎಷ್ಟಿದೆ, ಯಾವ ಹೊತ್ತಿಗೆ ತಿನ್ನಬೇಕು, ಹೇಳುವವರಿಲ್ಲ. ಅರಿಶಿನದ ಕರ್ಕ್ಯುಮಿನ್ ನುಂಗಿದರೆ ರಕ್ತಕ್ಕೆ ಸೇರುವುದು ತೀರಾ ಕಡಿಮೆ. ಅಶ್ವಗಂಧದಿಂದ ಕೆಲವರ ಲಿವರ್ ಕೆಟ್ಟದ್ದು ದಾಖಲಾಗಿದೆ; ಡೋಸೆಟ್ಯಾಕ್ಸೆಲ್ ಅನ್ನು ಅರಗಿಸಿ ಹೊರಹಾಕಬೇಕಾದದ್ದೂ ಅದೇ ಲಿವರ್. ಮುಚ್ಚಿಟ್ಟು ಕೊಡುವ ಆ ಒಂದು ಚಮಚ ಪುಡಿಯ ಬಗ್ಗೆ ನನಗೆ ಭಯವಿರುವುದು ಇದಕ್ಕೇ.

ಬೈದರೆ ಜನ ಇನ್ನೂ ಮುಚ್ಚಿಡುತ್ತಾರೆ. ಮೊದಲ ದಿನ ಕೇಸ್ ಶೀಟ್ ಬರೆಯುವಾಗಲೇ "ಮನೆಮದ್ದು ಏನು ತಗೋತಿದೀರಿ?" ಎಂದು ಮೆತ್ತಗೆ ಕೇಳಿ ಬರೆದುಕೊಳ್ಳಬೇಕು. ಗಿಡಮೂಲಿಕೆಯ ಹೆಮ್ಮೆ ಹೇಳುವ ಸರ್ಕಾರಗಳು ಅದೇ ಉತ್ಸಾಹದಿಂದ ಪರೀಕ್ಷೆಗೂ ಹಣ ಕೊಡಲಿ: ಅಳೆದ ಪ್ರಮಾಣ, ರೋಗಿಯ ಒಪ್ಪಿಗೆ, ರೇಡಿಯೇಷನ್ ಮಾತ್ರ ಪಡೆಯುವ ಇನ್ನೊಂದು ಗುಂಪು, ಎರಡು ವರ್ಷದ ನಿಗಾ. ಮಣಿಪಾಲದ ಇಲಿಗಳಿಗೆ ಪ್ರಮಾಣದ ಲೆಕ್ಕ ಇಟ್ಟಿದ್ದರು. ನನ್ನ ಟೇಬಲ್ ಮೇಲೆ ಮಲಗುವವರಿಗೂ ಇಡಬೇಕು.