ಸ್ಕಿಜೋಫ್ರೇನಿಯಾ ಕಾಯಿಲೆಗೆ ರಕ್ತಪರೀಕ್ಷೆ: ಪ್ರಸ್ತುತ ಸ್ಥಿತಿಗತಿಯ ವಿಶ್ಲೇಷಣೆ

ಪೀಠಿಕೆ

ರಕ್ತಪರೀಕ್ಷೆಯಿಂದಲೇ ಮಾನಸಿಕ ಕಾಯಿಲೆಯನ್ನು ಪತ್ತೆ ಹಚ್ಚುವ ವಿಧಾನ ಸದ್ಯದಲ್ಲಿಯೇ ದೊರೆಯಲಿದೆ ಎಂಬ ವರದಿಗಳು ಪತ್ರಿಕೆಗಳಲ್ಲಿ ಆಗಿಂದಾಗ್ಗೆ ಪ್ರಕಟವಾಗುತ್ತಿರುತ್ತವೆ. ಸ್ಕಿಜೋಫ್ರೇನಿಯಾ ಅಥವಾ ಚಿತ್ತವಿಕಲತೆ ಎಂದು ಕರೆಯಲಾಗುವ ಕಾಯಿಲೆಯಿಂದ ಬಳಲುವವರ ಕುಟುಂಬದವರು ಇಂತಹ ಪರೀಕ್ಷೆಗಾಗಿ ಕಾಯುವುದೂ, ಪರೀಕ್ಷೆಯ ವರದಿ ಇಲ್ಲದೆ ವೈದ್ಯರು ಕಾಯಿಲೆಯನ್ನು ಹೇಗೆ ನಿರ್ಧರಿಸಿದರು ಎಂದು ಶಂಕಿಸುವುದೂ ಉಂಟು. ಈ ಹಿನ್ನೆಲೆಯಲ್ಲಿ, ರಕ್ತದಲ್ಲಿನ ಜೈವಿಕ ಸೂಚಕಗಳ ಬಗ್ಗೆ ಇದುವರೆಗೆ ತಿಳಿದುಬಂದಿರುವ ಅಂಶಗಳನ್ನು ಸಾರ್ವಜನಿಕರ ಮಾಹಿತಿಗಾಗಿ ಇಲ್ಲಿ ವಿವರಿಸಲಾಗಿದೆ.

ಮುಖ್ಯಾಂಶ ಇಷ್ಟು: ಸ್ಕಿಜೋಫ್ರೇನಿಯಾ ಇದೆ ಅಥವಾ ಇಲ್ಲ ಎಂದು ನಿರ್ಧರಿಸಬಲ್ಲ ರಕ್ತಪರೀಕ್ಷೆ ಇಂದಿಗೂ ಲಭ್ಯವಿರುವುದಿಲ್ಲ. ಆದರೆ ಈ ಕಾಯಿಲೆಯ ಚಿಕಿತ್ಸೆಯಲ್ಲಿ ರಕ್ತಪರೀಕ್ಷೆಗೆ ಬಹುಮುಖ್ಯವಾದ ಸ್ಥಾನವಿದೆ. ಈ ಎರಡು ಸಂಗತಿಗಳನ್ನು ಬೇರೆ ಬೇರೆಯಾಗಿ ಅರಿಯುವುದು ಅಗತ್ಯ.

ಕಾಯಿಲೆಯ ವ್ಯಾಪ್ತಿ

ವಿಶ್ವ ಆರೋಗ್ಯ ಸಂಸ್ಥೆಯು 2022ರಲ್ಲಿ ನೀಡಿದ ಮಾಹಿತಿಯಂತೆ ಜಗತ್ತಿನಲ್ಲಿ ಸುಮಾರು 2 ಕೋಟಿ 40 ಲಕ್ಷ ಜನರು, ಅಂದರೆ ಸುಮಾರು 300 ಜನರಲ್ಲಿ ಒಬ್ಬರು, ಈ ಕಾಯಿಲೆಗೆ ಒಳಗಾಗಿದ್ದಾರೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು 2015-16ರಲ್ಲಿ ದೇಶದ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ, ವಯಸ್ಕರ ಪೈಕಿ ಶೇ. 1.4ರಷ್ಟು ಜನರು ತಮ್ಮ ಜೀವಿತಾವಧಿಯಲ್ಲಿ ಯಾವಾಗಲಾದರೂ ಸ್ಕಿಜೋಫ್ರೇನಿಯಾ ಅಥವಾ ಅದೇ ವರ್ಗದ ತೀವ್ರ ಮನೋರೋಗಕ್ಕೆ ಒಳಗಾಗಿದ್ದರು. ಇಂತಹ ಮನೋರೋಗವುಳ್ಳ ನಾಲ್ವರಲ್ಲಿ ಸುಮಾರು ಮೂವರಿಗೆ ಚಿಕಿತ್ಸೆ ದೊರೆಯುತ್ತಿರಲಿಲ್ಲ ಎಂಬುದು ಅದೇ ಸಮೀಕ್ಷೆಯಿಂದ ತಿಳಿದುಬಂದ ಗಂಭೀರ ಸಂಗತಿ. ಕಾಯಿಲೆ ಆರಂಭವಾದ ನಂತರ ಚಿಕಿತ್ಸೆ ಎಷ್ಟು ತಡವಾಗುವುದೋ ಚೇತರಿಕೆ ಅಷ್ಟು ಕಠಿಣವಾಗುತ್ತದೆ. ಆದುದರಿಂದ ಇಲ್ಲದ ಪರೀಕ್ಷೆಗಾಗಿ ಕಾಯುತ್ತಾ ಕಳೆಯುವ ಪ್ರತಿಯೊಂದು ತಿಂಗಳೂ ರೋಗಿಗೆ ನಷ್ಟವೇ ಆಗಿರುತ್ತದೆ.

ಹಿಂದಿನ ಪ್ರಯತ್ನಗಳು

ಮಾನಸಿಕ ಕಾಯಿಲೆಯನ್ನು ರಕ್ತದಲ್ಲಿ ಗುರುತಿಸುವ ಆಶಯ ಆಧಾರರಹಿತವೇನಲ್ಲ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಮನೋರೋಗ ಆಸ್ಪತ್ರೆಗಳಲ್ಲಿದ್ದ ಅನೇಕರ ಬುದ್ಧಿವಿಕಲತೆಗೆ ಸಿಫಿಲಿಸ್ ಸೋಂಕು ಕಾರಣವಾಗಿತ್ತು. 1906ರಲ್ಲಿ ಬಳಕೆಗೆ ಬಂದ ವಾಸರ್‌ಮನ್ ರಕ್ತಪರೀಕ್ಷೆಯು ಅಂತಹವರನ್ನು ಇತರ ರೋಗಿಗಳಿಂದ ಪ್ರತ್ಯೇಕಿಸಲು ನೆರವಾಯಿತು. ಮುಂದೆ ಪೆನ್ಸಿಲಿನ್ ಔಷಧದಿಂದ ಆ ಸೋಂಕು ಗುಣಪಡಿಸಬಲ್ಲದ್ದಾಯಿತು. ಸ್ಕಿಜೋಫ್ರೇನಿಯಾಕ್ಕೂ ಇಂತಹ ಸೂಚಕ ದೊರೆಯಬಹುದೆಂಬ ನಿರೀಕ್ಷೆ ಅಂದಿನಿಂದ ಮುಂದುವರಿದಿದೆ.

1957ರಲ್ಲಿ ಸ್ವೀಡನ್ನಿನ ಆಕರ್‌ಫೆಲ್ಟ್ ಎಂಬ ವಿಜ್ಞಾನಿಯು ಒಂದು ರಾಸಾಯನಿಕಕ್ಕೆ ರೋಗಿಗಳ ರಕ್ತದ್ರವವನ್ನು ಸೇರಿಸಿದಾಗ ಬಣ್ಣ ಬೇಗನೆ ಬದಲಾಗುತ್ತದೆ ಎಂದು ಪ್ರಕಟಿಸಿದರು. ಪತ್ರಿಕೆಗಳಲ್ಲಿ ಇದಕ್ಕೆ ಭಾರೀ ಪ್ರಚಾರ ದೊರೆಯಿತು. ಆದರೆ ಮರುಪರಿಶೀಲನೆಯಲ್ಲಿ ಕಂಡುಬಂದ ಪ್ರಮುಖ ಕಾರಣವೇ ಬೇರೆ: ದೀರ್ಘಕಾಲ ಆಸ್ಪತ್ರೆಯ ಊಟವನ್ನೇ ಉಂಡಿದ್ದ ರೋಗಿಗಳ ರಕ್ತದಲ್ಲಿ ಸಿ ಜೀವಸತ್ವದ ಕೊರತೆಯಿತ್ತು. ಪರೀಕ್ಷೆ ಅಳೆದದ್ದು ಬಹುಮಟ್ಟಿಗೆ ಆಹಾರವನ್ನೇ ಹೊರತು ಕಾಯಿಲೆಯನ್ನಲ್ಲ. ಅಮೆರಿಕದ ವಿಜ್ಞಾನಿ ಸೇಮೋರ್ ಕೆಟಿಯವರು 1959ರಲ್ಲಿ ಇಂತಹ ಸಂಶೋಧನೆಗಳನ್ನು ವಿಮರ್ಶಿಸಿ, ಆಸ್ಪತ್ರೆಯ ಆಹಾರ, ಔಷಧ, ಸೋಂಕು ಮತ್ತು ಮಾನಸಿಕ ಒತ್ತಡಗಳು ರಕ್ತದಲ್ಲಿ ಉಂಟುಮಾಡುವ ಬದಲಾವಣೆಗಳನ್ನು ಕಾಯಿಲೆಯ ಲಕ್ಷಣವೆಂದು ಭಾವಿಸಬಾರದೆಂದು ಎಚ್ಚರಿಸಿದರು. ಈ ಎಚ್ಚರಿಕೆ ಇಂದಿಗೂ ಅನ್ವಯಿಸುತ್ತದೆ.

ಅಂಕಿ-ಅಂಶಗಳನ್ನು ಅರ್ಥೈಸುವ ಬಗೆ

2010ರಲ್ಲಿ ಅಮೆರಿಕದಲ್ಲಿ ವೆರಿಸೈಕ್ ಎಂಬ ಹೆಸರಿನ ಪರೀಕ್ಷೆಯೊಂದು ಮಾರುಕಟ್ಟೆಗೆ ಬಂದಿತು. ರಕ್ತದಲ್ಲಿನ 51 ಅಂಶಗಳನ್ನು ಒಟ್ಟಾಗಿ ಅಳೆದು, ಮನೋವೈದ್ಯರ ನಿರ್ಣಯವನ್ನು ದೃಢಪಡಿಸಿಕೊಳ್ಳಲು ನೆರವಾಗುವುದು ಅದರ ಉದ್ದೇಶವಾಗಿತ್ತು. 577 ರೋಗಿಗಳು ಹಾಗೂ 229 ಆರೋಗ್ಯವಂತರ ಮಾದರಿಗಳನ್ನು ಪರಿಶೀಲಿಸಿದಾಗ, ರೋಗಿಗಳಲ್ಲಿ ಶೇ. 83 ಮಂದಿಯನ್ನು ರೋಗಿಗಳೆಂದೂ, ಆರೋಗ್ಯವಂತರಲ್ಲಿ ಶೇ. 83 ಮಂದಿಯನ್ನು ಆರೋಗ್ಯವಂತರೆಂದೂ ಅದು ಸರಿಯಾಗಿ ಗುರುತಿಸಿತೆಂದು ವರದಿಯಾಗಿತ್ತು. ಕೆಲವೇ ವರ್ಷಗಳಲ್ಲಿ ಈ ಪರೀಕ್ಷೆ ಮಾರುಕಟ್ಟೆಯಿಂದ ಮರೆಯಾಯಿತು.

ಶೇ. 83 ಎಂಬುದು ಮೇಲ್ನೋಟಕ್ಕೆ ಉತ್ತಮ ಫಲಿತಾಂಶವೇ ಸರಿ. ಆದರೆ ಇಂತಹ ಪರೀಕ್ಷೆಯನ್ನು ಜನಸಾಮಾನ್ಯರ ತಪಾಸಣೆಗೆ ಬಳಸಿದಲ್ಲಿ ಏನಾಗುವುದೆಂದು ಲೆಕ್ಕ ಹಾಕಿ ನೋಡಬಹುದು. 1,000 ಜನರಲ್ಲಿ 10 ಜನರಿಗೆ ಕಾಯಿಲೆ ಇದೆ ಎಂದು ಭಾವಿಸೋಣ.

1. ಕಾಯಿಲೆ ಇರುವ 10 ಜನರಲ್ಲಿ ಸುಮಾರು 8 ಜನರು ಪತ್ತೆಯಾಗುತ್ತಾರೆ, ಇಬ್ಬರು ತಪ್ಪಿಹೋಗುತ್ತಾರೆ.
2. ಕಾಯಿಲೆ ಇಲ್ಲದ 990 ಜನರಲ್ಲಿ ಶೇ. 17ರಷ್ಟು, ಅಂದರೆ ಸುಮಾರು 168 ಜನರಿಗೆ, ಕಾಯಿಲೆ ಇದೆ ಎಂದು ತಪ್ಪಾಗಿ ವರದಿಯಾಗುತ್ತದೆ.
3. ಒಟ್ಟಾರೆ 'ಕಾಯಿಲೆ ಇದೆ' ಎಂಬ ವರದಿ ಪಡೆಯುವ 176 ಜನರಲ್ಲಿ ನಿಜವಾದ ರೋಗಿಗಳು 8 ಜನ ಮಾತ್ರ.

ಉಳಿದ 168 ಜನರು ಹಾಗೂ ಅವರ ಕುಟುಂಬಗಳು ಅನುಭವಿಸಬೇಕಾದ ಆತಂಕ, ಖರ್ಚು, ಮದುವೆ ಮತ್ತು ಉದ್ಯೋಗದಲ್ಲಿ ಎದುರಾಗುವ ಅಡ್ಡಿಗಳನ್ನು ಊಹಿಸುವುದು ಕಷ್ಟವಲ್ಲ. ಮನೋವೈದ್ಯರ ಬಳಿಗೆ ಬಂದವರಲ್ಲಿ ಕಾಯಿಲೆಯ ಪ್ರಮಾಣ ಹೆಚ್ಚಿರುವುದರಿಂದ ಅಲ್ಲಿ ಲೆಕ್ಕ ಇಷ್ಟು ಪ್ರತಿಕೂಲವಾಗಿರುವುದಿಲ್ಲ. ಆದರೆ ಅಲ್ಲಿನ ಪ್ರಶ್ನೆಯೂ ಬೇರೆಯಾಗಿರುತ್ತದೆ. ರೋಗಿಯನ್ನು ಆರೋಗ್ಯವಂತನಿಂದ ಪ್ರತ್ಯೇಕಿಸುವ ಅಗತ್ಯ ವೈದ್ಯರಿಗಿಲ್ಲ. ಸ್ಕಿಜೋಫ್ರೇನಿಯಾವನ್ನು ತೀವ್ರ ಖಿನ್ನತೆ, ಬೈಪೋಲಾರ್ ಕಾಯಿಲೆ ಅಥವಾ ಮಾದಕವಸ್ತುಗಳ ಪರಿಣಾಮದಿಂದ ಪ್ರತ್ಯೇಕಿಸುವ ಅಗತ್ಯವಿರುತ್ತದೆ.

ಸಂಶೋಧನೆಯ ಪ್ರಗತಿ

ಉರಿಯೂತದ ಸೂಚಕಗಳಾದ ಇಂಟರ್‌ಲ್ಯೂಕಿನ್-6 ಹಾಗೂ ಸಿ-ರಿಯಾಕ್ಟಿವ್ ಪ್ರೊಟೀನ್ ರೋಗಿಗಳ ರಕ್ತದಲ್ಲಿ ಸರಾಸರಿ ಹೆಚ್ಚಾಗಿರುವುದು ಅನೇಕ ಅಧ್ಯಯನಗಳಲ್ಲಿ ಕಂಡುಬಂದಿದೆ. ಬ್ರಿಟನ್ನಿನಲ್ಲಿ ಮಕ್ಕಳನ್ನು ಹುಟ್ಟಿನಿಂದಲೇ ಗಮನಿಸುತ್ತಾ ಬಂದ ಅಧ್ಯಯನವೊಂದರ 2014ರ ವರದಿಯಂತೆ, 9ನೆಯ ವಯಸ್ಸಿನಲ್ಲಿ ಇಂಟರ್‌ಲ್ಯೂಕಿನ್-6 ಹೆಚ್ಚಾಗಿದ್ದ ಮಕ್ಕಳಿಗೆ 18ನೆಯ ವಯಸ್ಸಿನಲ್ಲಿ ಮನೋವಿಕಾರದ ಲಕ್ಷಣಗಳು ಕಾಣಿಸುವ ಸಂಭವ ಸುಮಾರು ಎರಡು ಪಟ್ಟು ಇತ್ತು. ಔಷಧ ಸೇವನೆಗೆ ಮೊದಲೇ ರಕ್ತವನ್ನು ಪರೀಕ್ಷಿಸಿದ್ದರಿಂದ ಈ ಫಲಿತಾಂಶಕ್ಕೆ ಮಹತ್ವವಿದೆ. ಆದಾಗ್ಯೂ ಇದೇ ಸೂಚಕಗಳು ಸ್ಥೂಲಕಾಯ, ಧೂಮಪಾನ, ಸೋಂಕು ಮತ್ತು ಖಿನ್ನತೆಯಲ್ಲಿಯೂ ಏರುತ್ತವೆ. ಗುಂಪಿನ ಸರಾಸರಿಯಲ್ಲಿ ವ್ಯತ್ಯಾಸವಿದ್ದ ಮಾತ್ರಕ್ಕೆ ಒಬ್ಬ ವ್ಯಕ್ತಿಯ ವಿಷಯದಲ್ಲಿ ತೀರ್ಮಾನ ಸಾಧ್ಯವಾಗುವುದಿಲ್ಲ.

ವಂಶವಾಹಿಗಳ ವಿಷಯವೂ ಹೀಗೆಯೇ ಇದೆ. 2022ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಅಧ್ಯಯನವು 76,755 ರೋಗಿಗಳ ಮಾಹಿತಿಯನ್ನು ಪರಿಶೀಲಿಸಿ, ಕಾಯಿಲೆಯೊಡನೆ ಸಂಬಂಧವುಳ್ಳ 287 ವಂಶವಾಹಿ ಸ್ಥಾನಗಳನ್ನು ಗುರುತಿಸಿತು. ಇವುಗಳಲ್ಲಿ ಒಂದೊಂದರ ಪಾಲು ಅತ್ಯಲ್ಪ. ಸ್ಕಿಜೋಫ್ರೇನಿಯಾ ಎಂಬ ಒಂದೇ ಹೆಸರಿನ ಅಡಿಯಲ್ಲಿ ಹಲವು ಬಗೆಯ ಕಾಯಿಲೆಗಳು ಸೇರಿರಬಹುದೆಂಬ ಅಭಿಪ್ರಾಯ ಈಗ ಬಲಗೊಳ್ಳುತ್ತಿದೆ. ಆದುದರಿಂದ, ಎಲ್ಲರನ್ನೂ ಗುರುತಿಸುವ ಒಂದೇ ಸೂಚಕಕ್ಕಿಂತ, ಯಾವ ರೋಗಿಗೆ ಯಾವ ಚಿಕಿತ್ಸೆ ಸೂಕ್ತವೆಂದು ತಿಳಿಸುವ ಸೂಚಕಗಳು ಮೊದಲು ದೊರೆಯುವ ಸಾಧ್ಯತೆ ಇದೆ.

ಇಂದು ಅಗತ್ಯವಾಗಿರುವ ರಕ್ತಪರೀಕ್ಷೆಗಳು

ವೈದ್ಯರು ರೋಗಿಗೆ ರಕ್ತಪರೀಕ್ಷೆ ಬರೆದುಕೊಟ್ಟಾಗ ಅದನ್ನು ಅನಾವಶ್ಯಕವೆಂದು ಭಾವಿಸಬಾರದು. ಅದರ ಉದ್ದೇಶಗಳು ಹೀಗಿವೆ:

1. ಇತರ ಕಾರಣಗಳ ಪತ್ತೆ: ಥೈರಾಯ್ಡ್ ದೋಷ, ಬಿ-12 ಜೀವಸತ್ವದ ಕೊರತೆ, ಸಿಫಿಲಿಸ್ ಮತ್ತು ಎಚ್‌ಐವಿ ಸೋಂಕುಗಳು ಇದೇ ರೀತಿಯ ಲಕ್ಷಣಗಳನ್ನು ತೋರಬಹುದು. ದೇಹದ ಪ್ರತಿಕಾಯಗಳೇ ಮಿದುಳಿಗೆ ಹಾನಿ ಮಾಡುವ ಒಂದು ಬಗೆಯ ಮಿದುಳಿನ ಉರಿಯೂತವನ್ನು 2007ರಲ್ಲಿ ವಿವರಿಸಲಾಯಿತು. ಇದಕ್ಕೆ ಪ್ರತ್ಯೇಕ ಚಿಕಿತ್ಸೆಯಿದೆ.

2. ಸಕ್ಕರೆ ಮತ್ತು ಕೊಬ್ಬಿನ ಪ್ರಮಾಣ: ಓಲಾಂಜಪಿನ್, ಕ್ಲೋಜಪಿನ್ ಮುಂತಾದ ಔಷಧಗಳಿಂದ ತೂಕ, ರಕ್ತದ ಸಕ್ಕರೆ ಹಾಗೂ ಕೊಬ್ಬಿನಂಶ ಹೆಚ್ಚಬಹುದು. ಔಷಧ ಆರಂಭಿಸುವ ಮೊದಲು, ಮೂರು ತಿಂಗಳ ನಂತರ ಹಾಗೂ ಆಮೇಲೆ ನಿಯತವಾಗಿ ಪರೀಕ್ಷೆ ಅಗತ್ಯ. ಈ ಕಾಯಿಲೆಯುಳ್ಳವರು ಅಕಾಲ ಮರಣ ಹೊಂದುವ ಸಂಭವ ಇತರರಿಗಿಂತ 2 ರಿಂದ 3 ಪಟ್ಟು ಹೆಚ್ಚು. ಹೃದ್ರೋಗ ಮತ್ತು ಮಧುಮೇಹದಂತಹ ಕಾಯಿಲೆಗಳು ಇದಕ್ಕೆ ಬಹುಮಟ್ಟಿಗೆ ಕಾರಣ.

3. ಬಿಳಿ ರಕ್ತಕಣಗಳ ಎಣಿಕೆ: ಇತರ ಔಷಧಗಳು ಫಲಿಸದಿದ್ದಾಗ ಕ್ಲೋಜಪಿನ್ ಪರಿಣಾಮಕಾರಿಯಾಗಿದೆ. 1988ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅಂತಹ ರೋಗಿಗಳ ಪೈಕಿ ಶೇ. 30 ಜನರು ಇದರಿಂದ ಸುಧಾರಿಸಿದರೆ, ಹಳೆಯ ಔಷಧದಿಂದ ಸುಧಾರಿಸಿದವರು ಶೇ. 4 ಮಾತ್ರ. ಆದರೆ 1975ರಲ್ಲಿ ಫಿನ್‌ಲೆಂಡಿನಲ್ಲಿ ಈ ಔಷಧ ಪಡೆದವರಲ್ಲಿ ಬಿಳಿ ರಕ್ತಕಣಗಳು ತೀವ್ರವಾಗಿ ಕುಸಿದು 8 ಜನರು ಮೃತಪಟ್ಟಿದ್ದರು. ನಿಯತ ರಕ್ತಪರೀಕ್ಷೆಯ ಷರತ್ತಿನ ಮೇಲೆ 1989ರಲ್ಲಿ ಅಮೆರಿಕವು ಇದಕ್ಕೆ ಅನುಮತಿ ನೀಡಿತು. ಅಪಾಯವು ಮೊದಲ 18 ವಾರಗಳಲ್ಲಿ ಹೆಚ್ಚಾಗಿರುವುದರಿಂದ ಆ ಅವಧಿಯಲ್ಲಿ ಪ್ರತಿ ವಾರ ಪರೀಕ್ಷಿಸಿ, ನಂತರ ಅಂತರವನ್ನು ಹೆಚ್ಚಿಸುವುದು ರೂಢಿಯಲ್ಲಿದೆ. ಅಮೆರಿಕವು 2025ರಲ್ಲಿ ಪರೀಕ್ಷಾ ವರದಿಗಳನ್ನು ಕೇಂದ್ರೀಯವಾಗಿ ದಾಖಲಿಸುವ ಕಡ್ಡಾಯ ವ್ಯವಸ್ಥೆಯನ್ನು ಕೈಬಿಟ್ಟಿದೆ. ಪರೀಕ್ಷೆ ಮಾಡಿಸಬೇಕೆಂಬ ಸಲಹೆಯನ್ನು ಕೈಬಿಟ್ಟಿಲ್ಲ. ಕ್ಲೋಜಪಿನ್ ಸೇವಿಸುವವರಿಗೆ ಜ್ವರ ಅಥವಾ ಗಂಟಲು ನೋವು ಕಂಡುಬಂದಲ್ಲಿ ಅದೇ ದಿನ ವೈದ್ಯರನ್ನು ಕಾಣತಕ್ಕದ್ದು.

ಕಾಯಿಲೆಯ ನಿರ್ಣಯ ಮತ್ತು ಕಾನೂನು

ಮಾನಸಿಕ ಆರೋಗ್ಯ ರಕ್ಷಣಾ ಅಧಿನಿಯಮ, 2017ರ 3ನೆಯ ಪ್ರಕರಣದಂತೆ, ವಿಶ್ವ ಆರೋಗ್ಯ ಸಂಸ್ಥೆಯ ರೋಗ ವರ್ಗೀಕರಣವೂ ಸೇರಿದಂತೆ ಅಂಗೀಕೃತ ವೈದ್ಯಕೀಯ ಮಾನದಂಡಗಳ ಅನುಸಾರವೇ ಮಾನಸಿಕ ಕಾಯಿಲೆಯನ್ನು ನಿರ್ಧರಿಸಬೇಕು. ಸದರಿ ವರ್ಗೀಕರಣವು ಸ್ಕಿಜೋಫ್ರೇನಿಯಾಕ್ಕೆ ರಕ್ತಪರೀಕ್ಷೆಯನ್ನು ಮಾನದಂಡವಾಗಿ ವಿಧಿಸಿರುವುದಿಲ್ಲ. ಯಾರೂ ಮಾತನಾಡದಿದ್ದರೂ ಧ್ವನಿ ಕೇಳಿಸುವುದು, ಆಧಾರವಿಲ್ಲದ ಅಚಲ ನಂಬಿಕೆ, ಅಸಂಬದ್ಧ ಮಾತು ಮೊದಲಾದ ಲಕ್ಷಣಗಳು ಒಂದು ತಿಂಗಳು ಅಥವಾ ಅದಕ್ಕಿಂತ ಹೆಚ್ಚು ಕಾಲ ಇರುವುದನ್ನು ವೈದ್ಯರು ಪರಿಶೀಲಿಸುತ್ತಾರೆ. ಈ ಪರಿಶೀಲನೆಯಲ್ಲಿ ಮನೆಯವರು ನೀಡುವ ವಿವರಕ್ಕೆ ಹೆಚ್ಚಿನ ಬೆಲೆಯಿದೆ. ಲಕ್ಷಣಗಳು ಯಾವಾಗ ಆರಂಭವಾದವು, ನಿದ್ರೆ ಮತ್ತು ದಿನನಿತ್ಯದ ಕೆಲಸಗಳಲ್ಲಿ ಏನು ಬದಲಾವಣೆಯಾಯಿತು ಎಂಬುದನ್ನು ಬರೆದಿಟ್ಟುಕೊಂಡು ವೈದ್ಯರಿಗೆ ತಿಳಿಸಿದಲ್ಲಿ ನಿರ್ಣಯ ಸುಗಮವಾಗುತ್ತದೆ.

ಉಪಸಂಹಾರ

ಸ್ಕಿಜೋಫ್ರೇನಿಯಾವನ್ನು ರಕ್ತದಿಂದಲೇ ಪತ್ತೆ ಮಾಡುವುದಾಗಿ ತಿಳಿಸುವ ದುಬಾರಿ ಪರೀಕ್ಷೆಗಳಿಗೆ ಹಣ ವ್ಯಯಿಸುವ ಮುನ್ನ ಮನೋವೈದ್ಯರ ಸಲಹೆ ಪಡೆಯುವುದು ಒಳಿತು. ಅಂತೆಯೇ ವೈದ್ಯರು ಸೂಚಿಸಿದ ಸಕ್ಕರೆ, ಕೊಬ್ಬು ಹಾಗೂ ರಕ್ತಕಣಗಳ ಪರೀಕ್ಷೆಗಳನ್ನು ತಪ್ಪಿಸಬಾರದು. ಲಕ್ಷಣಗಳು ಕಂಡುಬಂದ ಕೂಡಲೇ ಜಿಲ್ಲಾ ಆಸ್ಪತ್ರೆಯ ಮನೋರೋಗ ವಿಭಾಗವನ್ನು ಅಥವಾ ಟೆಲಿ ಮಾನಸ್ ಉಚಿತ ಸಹಾಯವಾಣಿ 14416 ಅನ್ನು ಸಂಪರ್ಕಿಸಬಹುದಾಗಿದೆ. 2022ರ ಅಕ್ಟೋಬರ್ 10ರಂದು ಆರಂಭವಾದ ಈ ಸಹಾಯವಾಣಿಯು ಕನ್ನಡದಲ್ಲಿಯೂ ಸೇವೆ ಒದಗಿಸುತ್ತದೆ.