ದೊಡ್ಡಪೇಟೆಯಲ್ಲಿ ಇಷ್ಟು ಬಗೆಯ ಜನ ಹೇಗೆ ಕೂಡಿದರು?

ಹಾಸನ, ಹೊಳೆನರಸೀಪುರ, ಚನ್ನರಾಯಪಟ್ಟಣದ ಕಡೆ ಮದುವೆ ಗೊತ್ತಾದರೆ ಜವಳಿ ಎಲ್ಲಿ ತೆಗೆಯುವುದು ಎಂಬ ಮಾತು ಬಂದೇ ಬರುತ್ತದೆ. ಊರಿನಲ್ಲೇ ಬೇಕಾದಷ್ಟು ಅಂಗಡಿಗಳಿವೆ. ಆದರೂ ಮನೆಯ ಹಿರಿಯ ಹೆಂಗಸರು 'ಬೆಂಗಳೂರಿನ ಚಿಕ್ಕಪೇಟೆಗೇ ಹೋಗಿಬರೋಣ ಬಿಡಿ' ಎನ್ನುವುದುಂಟು. ಹೋಗುವುದೂ ಈಗ ಸುಲಭ. ಶ್ರವಣಬೆಳಗೊಳದ ಮೇಲೆ ಹಾಯುವ ಬೆಂಗಳೂರು ರೈಲು ಹಳಿ 2017ರಲ್ಲಿ ಪೂರ್ತಿಯಾಯಿತು. ಅದೇ ವರ್ಷ ಚಿಕ್ಕಪೇಟೆಗೆ ಮೆಟ್ರೊ ಬಂತು. ಯಶವಂತಪುರದಲ್ಲಿ ಇಳಿದು ಹಸಿರು ಮಾರ್ಗದ ಮೆಟ್ರೊ ಹತ್ತಿದರೆ ನೇರವಾಗಿ ಪೇಟೆಯ ನಡುವೆಯೇ ಮೇಲಕ್ಕೆ ಬರಬಹುದು.

ಅಲ್ಲಿ ಒಂದು ದಿನ ಸುತ್ತಿದವರು ಎಷ್ಟು ಬಗೆಯ ಜನರೊಡನೆ ವ್ಯವಹಾರ ಮಾಡಿದ್ದೇವೆ ಎಂದು ಲೆಕ್ಕ ಹಾಕುವುದಿಲ್ಲ. ಸೀರೆ ತೋರಿಸಿದವರ ಮನೆಮಾತು ಮಾರವಾಡಿ. ಊಟ ಬಳೆಪೇಟೆಯ ಉಡುಪಿ ಹೋಟೆಲಿನಲ್ಲಿ. ನಗರ್ತಪೇಟೆಯಲ್ಲಿ ಒಡವೆಗೆ ಕಲ್ಲು ಕೂರಿಸಿದ ಕುಸುರಿ ಕೆಲಸದವನು ಬಂಗಾಳದವನಿರಬಹುದು. ಗಂಟುಗಳನ್ನು ಕೈಗಾಡಿಯಲ್ಲಿ ತಳ್ಳಿಕೊಂಡು ಬಂದವನು ತಮಿಳಿನಲ್ಲಿ ಗದರುತ್ತಾನೆ, ಕಾಲು ತಗುಲಿದರೆ ಕನ್ನಡದಲ್ಲಿ 'ತಪ್ಪಾಯ್ತಕ್ಕಾ' ಎನ್ನುತ್ತಾನೆ. ಎರಡು ಆಟೊ ಎದುರಾದರೆ ಇಡೀ ಬೀದಿ ನಿಂತುಹೋಗುವಷ್ಟು ಇಕ್ಕಟ್ಟಿನ ಈ ಜಾಗದಲ್ಲಿ ಇವರೆಲ್ಲ ಹೇಗೆ ಬಂದು ಸೇರಿದರು? ಯಾರೋ ಪುಣ್ಯಾತ್ಮರ ಔದಾರ್ಯದಿಂದಲೋ ಆಕಸ್ಮಿಕವಾಗಿಯೋ ಸೇರಿದರು ಎಂದರೆ ಅದು ಅರ್ಧ ಉತ್ತರ ಮಾತ್ರ. ಪೇಟೆಯ ರಚನೆಯೇ ಅವರನ್ನು ಒಬ್ಬರಿಗೊಬ್ಬರು ಬೇಕಾಗುವಂತೆ ಮಾಡಿತು.

ಮೊದಲು ಬೀದಿಯನ್ನು ನೋಡೋಣ. ಮೈಸೂರು ಬ್ಯಾಂಕ್ ವೃತ್ತದಿಂದ ಕೃಷ್ಣರಾಜೇಂದ್ರ ಮಾರುಕಟ್ಟೆಯವರೆಗೆ ಸುಮಾರು ಒಂದು ಕಿಲೋಮೀಟರು ಉದ್ದದ ಅವೆನ್ಯೂ ರಸ್ತೆಯೇ ಹಳೆಯ ದೊಡ್ಡಪೇಟೆ. ಅದನ್ನು ಅಡ್ಡಲಾಗಿ ಕತ್ತರಿಸುವುದು ಚಿಕ್ಕಪೇಟೆ. ಹಿರಿಯ ಕೆಂಪೇಗೌಡರು 1537ರಲ್ಲಿ ಬೆಂಗಳೂರು ಕಟ್ಟುವಾಗ ಇವೆರಡೂ ಕೂಡುವ ಜಾಗದಲ್ಲಿ ಎತ್ತುಗಳಿಗೆ ನೇಗಿಲು ಹೂಡಿಸಿ ನಾಲ್ಕು ದಿಕ್ಕಿಗೂ ಉಳುಮೆ ಮಾಡಿಸಿದರು, ನೇಗಿಲ ಗೆರೆಗಳೇ ಬೀದಿಗಳಾದವು ಎಂಬ ಐತಿಹ್ಯವಿದೆ. ಬೀದಿಗಳ ತುದಿಯಲ್ಲಿ ಹೆಬ್ಬಾಗಿಲುಗಳು ಎದ್ದವು: ಬಡಗಲಿಗೆ ಯಲಹಂಕದ ಬಾಗಿಲು, ಮೂಡಲಿಗೆ ಹಲಸೂರಿನದು, ತೆಂಕಲಿಗೆ ಆನೇಕಲ್ಲಿನದು, ಪಡುವಲಿಗೆ ಸೊಂಡೆಕೊಪ್ಪದ್ದು. ಸುತ್ತ ಮಣ್ಣಿನ ಕೋಟೆ.

ಈ ಏರ್ಪಾಟು ನಮ್ಮ ಹಾಸನ ಜಿಲ್ಲೆಗೆ ಹೊಸದೇನಲ್ಲ. ಐಗೂರಿನ ಕೃಷ್ಣಪ್ಪನಾಯಕ 1568ರ ಸುಮಾರಿಗೆ ಅರಕಲಗೂಡನ್ನು ಕಟ್ಟಿದ. ಹೊಳೆನರಸೀಪುರದ ಲಕ್ಷ್ಮಪ್ಪನಾಯಕ 1600ರ ಹೊತ್ತಿಗೆ ಕೊಳತೂರೆಂಬ ಹಳ್ಳಿಯನ್ನು ವಶಪಡಿಸಿಕೊಂಡು ಮಗನ ಹೆಸರಿನಲ್ಲಿ ಚನ್ನರಾಯಪಟ್ಟಣ ಮಾಡಿದ. ಕೋಟೆಯಲ್ಲಿ ಆಳುವವರು, ಪೇಟೆಯಲ್ಲಿ ಮಾಡಿ ಮಾರುವವರು ಎಂಬುದು ಪಾಳೆಯಗಾರರ ಕಾಲದ ಊರುಗಳ ಸಾಮಾನ್ಯ ಲೆಕ್ಕ. ಸೈನ್ಯಕ್ಕೆ ದವಸ, ಬಟ್ಟೆ, ಕಬ್ಬಿಣ, ಎಣ್ಣೆ ಬೇಕು. ಬೊಕ್ಕಸಕ್ಕೆ ಸುಂಕ ಬೇಕು. ಕಸುಬುದಾರರನ್ನು ಕರೆತಂದು ಜಾಗ ಕೊಡದೆ ಆಳುವವನಿಗೆ ಗತಿಯಿರಲಿಲ್ಲ. ಹೀಗಾಗಿ ದೊಡ್ಡಪೇಟೆಯ ಎರಡೂ ಮಗ್ಗುಲಿಗೆ ಕಸುಬಿಗೊಂದರಂತೆ ಪೇಟೆಗಳು ಹುಟ್ಟಿದವು. ಅಕ್ಕಿಪೇಟೆ, ರಾಗಿಪೇಟೆ, ಅರಳೆಪೇಟೆ, ತರಗುಪೇಟೆ, ಗಾಣಿಗರಪೇಟೆ, ಕುಂಬಾರಪೇಟೆ, ಉಪ್ಪಾರಪೇಟೆ, ತಿಗಳರಪೇಟೆ ಎಂಬ ಹೆಸರುಗಳೇ ಆ ಹಂಚಿಕೆಯ ದಾಖಲೆ.

ಒಂದೇ ಕಸುಬಿನವರನ್ನು ಒಂದೇ ಬೀದಿಯಲ್ಲಿ ಕೂರಿಸಿದರೆ ಪೈಪೋಟಿ ಹೆಚ್ಚಾಗುವುದಿಲ್ಲವೇ ಎಂದು ಕೇಳುವವರಿದ್ದಾರೆ. ಆಗುತ್ತದೆ. ಆದರೆ ಸಗಟು ವ್ಯಾಪಾರಕ್ಕೆ ಬೇಕಾದದ್ದೂ ಅದೇ. ದೂರದಿಂದ ಬಂದ ಚಿಲ್ಲರೆ ವ್ಯಾಪಾರಿಗೆ ನಾಲ್ಕು ಅಂಗಡಿಯ ದರ ಒಂದೇ ಕಡೆ ಸಿಕ್ಕಬೇಕು. ಒಬ್ಬನಲ್ಲಿ ಇಲ್ಲದ ಮಾಲನ್ನು ಪಕ್ಕದವನಿಂದ ತರಿಸಿಕೊಡುವ ಅನುಕೂಲ ಇರಬೇಕು. ಉದ್ದರಿ ಕೊಟ್ಟವನಿಗೆ, ತೆಗೆದುಕೊಂಡವನ ನಡತೆ ಎಂಥದೆಂದು ನೆರೆಯವರಿಂದ ತಿಳಿಯಬೇಕು. ಒಂದು ಕಸುಬಿನ ಬೀದಿಗೆ ಇನ್ನೊಂದು ಕಸುಬಿನ ಬೀದಿ ಕೂಗಳತೆಯಲ್ಲಿದ್ದುದರಿಂದ ನೇಯುವವನಿಗೆ ನೂಲು, ಬಣ್ಣ ಹಾಕುವವನಿಗೆ ಬಟ್ಟೆ, ಮಾರುವವನಿಗೆ ಸೀರೆ ನಡೆದು ಹೋಗುವಷ್ಟು ಹತ್ತಿರದಲ್ಲೇ ಸಿಕ್ಕುತ್ತಿತ್ತು.

ಅದರ ಮೇಲೆ ರಾಜಕೀಯದ ಪದರಗಳು ಕೂಡಿದವು. 1638ರಲ್ಲಿ ಬಿಜಾಪುರದ ಸೇನಾನಿ ರಣದುಲ್ಲಾ ಖಾನ್ ಬೆಂಗಳೂರನ್ನು ಗೆದ್ದ. ಅದು ಶಹಾಜಿ ಭೋಸಲೆಯ ಜಹಗೀರಾಯಿತು. ಮರಾಠಿ ಮಾತು ಪೇಟೆಗೆ ಬಂತು. 1687ರಲ್ಲಿ ಊರು ಮೊಘಲರ ವಶವಾಗಿ, ಬಳಿಕ ಮೂರು ಲಕ್ಷ ರೂಪಾಯಿಗೆ ಮೈಸೂರಿನ ಚಿಕ್ಕದೇವರಾಜ ಒಡೆಯರ ಕೈಗೆ ಬಂತು. ಮುಂದೆ ಹೈದರಾಲಿಯ ಜಹಗೀರು, ಟಿಪ್ಪುವಿನ ಆಡಳಿತ. 1791ರ ಮಾರ್ಚಿನಲ್ಲಿ ಬ್ರಿಟಿಷ್ ದಳಪತಿ ಕಾರ್ನ್‌ವಾಲಿಸನ ಸೈನ್ಯ ಹಲಸೂರು ಬಾಗಿಲಿನಿಂದ ನುಗ್ಗಿ ಪೇಟೆಯನ್ನು ಹಿಡಿಯಿತು. ಪ್ರತಿ ಸಲ ಧಣಿ ಬದಲಾದಾಗಲೂ ಹೊಸ ಸೈನಿಕರು, ಗುಮಾಸ್ತರು, ಲೇವಾದೇವಿಯವರು ಬಂದರು. ಹಳಬರು ಬಹುಮಟ್ಟಿಗೆ ಉಳಿದುಕೊಂಡರು. ದರ್ಬಾರು ಯಾರದಾದರೇನು, ಗಾಣ ತಿರುಗಬೇಕು, ಮಗ್ಗ ಆಡಬೇಕು ತಾನೆ?

1800ರಲ್ಲಿ ಇಲ್ಲಿಗೆ ಬಂದ ಬ್ರಿಟಿಷ್ ಸಮೀಕ್ಷಕ ಫ್ರಾನ್ಸಿಸ್ ಬುಕಾನನ್ ಬರೆದಿಟ್ಟ ವಿವರ ಈ ಮಾತಿಗೆ ಆಧಾರ. ಯುದ್ಧಗಳ ಪೆಟ್ಟಿನಿಂದ ಆಗಷ್ಟೇ ಚೇತರಿಸಿಕೊಳ್ಳುತ್ತಿದ್ದ ಪೇಟೆಯಲ್ಲಿ ಆತ ಕಂಡದ್ದು ರೇಷ್ಮೆ ನೇಯುವ ಪಟ್ಟೇಗಾರರು, ಖತ್ರಿಗಳು, ಬೇರೆ ಬಗೆಯ ಬಟ್ಟೆ ನೇಯುವ ದೇವಾಂಗರು, ತೊಗಟರು. ಬಟ್ಟೆ ಎಂಬ ಒಂದೇ ಉದ್ಯಮದೊಳಗೆ ಇಷ್ಟು ಸಮುದಾಯಗಳು, ಒಬ್ಬೊಬ್ಬರಿಗೂ ತಮ್ಮದೇ ಕುಶಲತೆ.

ಇದನ್ನೆಲ್ಲ ಹೇಳುವಾಗ ಪೇಟೆಯಲ್ಲಿ ಸದಾ ಸಾಮರಸ್ಯವೇ ತುಂಬಿತ್ತು ಎಂದುಬಿಟ್ಟರೆ ಓದುಗರಿಗೆ ಮೋಸ ಮಾಡಿದಂತೆ. ಬುಕಾನನ್ನನೇ ಬಲಗೈ, ಎಡಗೈ ಎಂಬ ಎರಡು ಬಣಗಳಾಗಿದ್ದ ಪಣಗಳ, ಎಂದರೆ ಜಾತಿಗಳ, ಜಗಳವನ್ನು ವಿವರಿಸಿದ್ದಾನೆ. ಎಡಗೈಯವರು ಒಂಬತ್ತು ಪಣ, ಬಲಗೈಯವರು ಹದಿನೆಂಟು. ಯಾವ ಬೀದಿಯಲ್ಲಿ ಯಾರ ಮೆರವಣಿಗೆ ಹೋಗಬೇಕು, ಯಾರಿಗೆ ಯಾವ ಮರ್ಯಾದೆ ಸಲ್ಲಬೇಕು ಎಂಬುದಕ್ಕೆ ಹೊಡೆದಾಟಗಳೇ ಆಗುತ್ತಿದ್ದವು. ಜಾತಿಗೊಂದು ಬೀದಿ ಎಂದರೆ ಜಾತಿಗೊಂದು ಬೇಲಿಯೂ ಹೌದು. ಕಸ ಗುಡಿಸಿ ಊರನ್ನು ಚೊಕ್ಕವಾಗಿಟ್ಟವರಿಗೆ ಆ ಬೀದಿಗಳ ಗೌರವದಲ್ಲಿ ಪಾಲಿರಲಿಲ್ಲ. 1928ರಲ್ಲಿ ಸುಲ್ತಾನ್‌ಪೇಟೆಯ ಶಾಲೆಯೊಂದರ ಗಣಪತಿಯ ವಿಚಾರ ಕೋಮುಗಲಭೆಯಾಗಿ ಬೆಳೆದು, ಸರ್ ಎಂ. ವಿಶ್ವೇಶ್ವರಯ್ಯನವರ ಅಧ್ಯಕ್ಷತೆಯಲ್ಲಿ ಸರ್ಕಾರ ವಿಚಾರಣಾ ಸಮಿತಿ ನೇಮಿಸಬೇಕಾಯಿತು. ಪೇಟೆ ಇದನ್ನೆಲ್ಲ ಕಂಡಿದೆ. ಕಂಡೂ ಒಡೆದುಹೋಗಲಿಲ್ಲ ಎಂಬುದನ್ನು ನಾವು ಗಮನಿಸಬೇಕು. ಬೆಳಗಾದರೆ ಮತ್ತೆ ಅದೇ ಅಂಗಡಿಯ ಬಾಗಿಲು ತೆಗೆಯಬೇಕು, ಅದೇ ನೆರೆಯವನಿಂದ ಬರಬೇಕಾದ ಬಾಕಿ ಕೇಳಬೇಕು ಎಂಬ ಸ್ಥಿತಿ ದೊಡ್ಡ ಉಪದೇಶಗಳಿಗಿಂತ ಹೆಚ್ಚು ಕೆಲಸ ಮಾಡಿದೆ ಎಂಬುದು ನನ್ನ ಅಭಿಪ್ರಾಯ.

ವ್ಯವಹಾರವೊಂದೇ ಅಂದರೂ ಸಾಲದು. ಚೈತ್ರ ಪೌರ್ಣಮಿಯ ರಾತ್ರಿ ಇಲ್ಲಿ ನಿಂತವರಿಗೆ ಅದು ಗೊತ್ತು. ತೋಟಗಾರಿಕೆಯ ಕಸುಬಿನ ತಿಗಳರು ನಡೆಸುವ ಕರಗ ಅಂದು ಧರ್ಮರಾಯಸ್ವಾಮಿ ಗುಡಿಯಿಂದ ಹೊರಡುತ್ತದೆ. ಹೆಣ್ಣುಡುಗೆ ಉಟ್ಟ ಅರ್ಚಕರ ತಲೆಯ ಮೇಲೆ ಮಲ್ಲಿಗೆಯಲ್ಲಿ ಮುಚ್ಚಿದ ದ್ರೌಪದಿಯ ಕರಗ, ಸುತ್ತ ಬಿಚ್ಚುಗತ್ತಿ ಹಿಡಿದ ವೀರಕುಮಾರರು. ರಾತ್ರಿಯಿಡೀ ಹಳೆಯ ಪೇಟೆಗಳ ಬೀದಿಗಳನ್ನು ಸುತ್ತುವ ಕರಗ ಅರಳೆಪೇಟೆಯಲ್ಲಿ ತವಕ್ಕಲ್ ಮಸ್ತಾನ್ ದರ್ಗಾಕ್ಕೆ ಬಂದು ಹೋಗುತ್ತದೆ. ದರ್ಗಾದವರು ಕಾದಿದ್ದು ಬರಮಾಡಿಕೊಳ್ಳುತ್ತಾರೆ. ಇದನ್ನು ಯಾವ ಸಮಿತಿಯೂ ವಿಧಿಸಿದ್ದಲ್ಲ. ಎರಡು ಮನೆಗಳ ನಡುವಿನ ಹೋಗಿಬರುವ ಪದ್ಧತಿಯಂತೆ ತಲೆಮಾರುಗಳಿಂದ ನಡೆದುಬಂದಿದೆ.

ಬೀದಿಗೊಂದು ದೈವವೂ ಉಂಟು. ನಗರ್ತಪೇಟೆಯಲ್ಲಿ ವರ್ತಕ ನಗರ್ತರ ನಗರೇಶ್ವರ, ವಿಶ್ವಕರ್ಮರ ಕಾಳಿಕಾಂಬ ಕಮಠೇಶ್ವರ. ಚಿಕ್ಕಪೇಟೆಯಲ್ಲಿ ಆದಿನಾಥ ಬಸದಿ. ತಾರಾಮಂಡಲಪೇಟೆಯಲ್ಲಿ ನಗರದ ಅತ್ಯಂತ ಹಳೆಯದೆಂದು ಹೆಸರಾದ ಕಲ್ಲಿನ ಮಸೀದಿ. ಅವೆನ್ಯೂ ರಸ್ತೆಯ ಮೇಲೆಯೇ ರೈಸ್ ಸ್ಮಾರಕ ಚರ್ಚು. ಈಗಿನ ಕಟ್ಟಡ 1917ರದು, ಆರಾಧನೆ ಕನ್ನಡದಲ್ಲಿ. ಹಾಸನದವರು ಇಲ್ಲಿ ಒಂದು ನಿಮಿಷ ನಿಲ್ಲಬೇಕು. ಚರ್ಚಿಗೆ ಹೆಸರು ಬಂದದ್ದು ಅರ್ಧ ಶತಮಾನ ಬೆಂಗಳೂರಿನಲ್ಲಿ ದುಡಿದ ಲಂಡನ್ ಮಿಷನ್ನಿನ ಬೆಂಜಮಿನ್ ಹೋಲ್ಟ್ ರೈಸ್ ಅವರಿಂದ. ಅವರ ಮಗನೇ ಬಿ.ಎಲ್. ರೈಸ್. 1837ರಲ್ಲಿ ಬೆಂಗಳೂರಿನಲ್ಲೇ ಹುಟ್ಟಿ, ಎಪಿಗ್ರಾಫಿಯ ಕರ್ನಾಟಿಕ ಸಂಪುಟಗಳನ್ನು ಹೊರತಂದವರು. ಶ್ರವಣಬೆಳಗೊಳದ ಶಾಸನಗಳ ಸಂಪುಟ 1889ರಲ್ಲಿ, ಹಾಸನ ಜಿಲ್ಲೆಯ ಐದನೆಯ ಸಂಪುಟ 1902ರಲ್ಲಿ ಬಂದವು. ನಮ್ಮ ಬೇಲೂರು, ಅರಸೀಕೆರೆ, ಅರಕಲಗೂಡಿನ ಕಲ್ಲುಗಳ ಮಾತನ್ನು ಪುಸ್ತಕಕ್ಕೆ ಇಳಿಸಿದ ಕೈ ಬೆಳೆದದ್ದು ಈ ಊರಿನಲ್ಲಿ.

ಇಂದಿನ ಪೇಟೆ ಹೇಗೆ ನಡೆಯುತ್ತದೆ ಎಂದು ತಿಳಿಯಲು ಒಂದು ರೇಷ್ಮೆ ಸೀರೆ ಸಾಕು. ಚಿಕ್ಕಪೇಟೆಯ ಅಂಗಡಿಯ ಬಿಳಿ ಗಾದಿಯ ಮೇಲೆ ಕೂತ ತಾಯಿ, ಮಗಳು, ಸೋದರತ್ತೆಯ ಮುಂದೆ ಹುಡುಗ ಒಂದಾದ ಮೇಲೊಂದು ಸೀರೆ ಬಿಡಿಸಿ ಎಸೆಯುತ್ತಾನೆ. 'ಈ ಬಾರ್ಡರು ನೋಡಿ ಅಮ್ಮ, ಧಾರೆಗೆ ಇದೇ ಸರಿ' ಎನ್ನುತ್ತಾನೆ. ಅದರ ರೇಷ್ಮೆಯ ಗೂಡು ರಾಮನಗರದ ಮಾರುಕಟ್ಟೆಯಲ್ಲಿ ಹರಾಜಾಗಿರಬಹುದು. ಜರಿ ಸೂರತ್ತಿನದು. ನೇಯ್ದದ್ದು ಆಂಧ್ರದ ಧರ್ಮಾವರದಲ್ಲೋ, ಕಂಚಿಯಲ್ಲೋ, ನಮ್ಮ ಮೊಳಕಾಲ್ಮೂರಿನಲ್ಲೋ. ಮಾರುವ ಧಣಿ ನೇಕಾರರ ಕಡೆಯವರೊಡನೆ ತೆಲುಗು, ತಮಿಳು ಆಡುತ್ತಾನೆ; ಅಣ್ಣನೊಡನೆ ಮಾರವಾಡಿ; ಸೋದರತ್ತೆಯೊಡನೆ ಕನ್ನಡ. ಬೆಲೆ ಇಳಿಸಲು ಅವರು ಹಿಡಿದ ಪಟ್ಟಿಗೆ ಉತ್ತರಿಸುವಷ್ಟು ಕನ್ನಡ ಅವನಿಗೆ ಬಾರದಿದ್ದರೆ ಅಂಗಡಿ ನಡೆಯುವುದಿಲ್ಲ. ಅಂಗಡಿಯಿಂದಾಚೆ ಬಂದರೆ ಕುಚ್ಚು ಕಟ್ಟುವವರು, ಫಾಲ್ ಹೊಲಿಯುವವರು, ಲಗ್ನಪತ್ರಿಕೆ ಅಚ್ಚು ಹಾಕಿಸಿಕೊಡುವವರು, ಬಳೆಪೇಟೆಯಲ್ಲಿ ಬಳೆ, ಓಲಗ, ಡೋಲು. ಮಾರುಕಟ್ಟೆಗೆ ಇಳಿದರೆ ಹೂವು. ಸಿದ್ದಿಕಟ್ಟೆ ಎಂಬ ಕೆರೆಯಿದ್ದ ಜಾಗದಲ್ಲಿ 1921ರಲ್ಲಿ ಎದ್ದದ್ದು ಆ ಮಾರುಕಟ್ಟೆ. ಒಂದು ಮದುವೆಗೆ ಬೇಕಾದುದೆಲ್ಲ ಕಾಲ್ನಡಿಗೆಯಲ್ಲಿ ಸಿಕ್ಕುವುದು ಇಷ್ಟು ಸಮುದಾಯಗಳ ಕೈ ಕೂಡಿದ್ದರಿಂದ. ಅವರಲ್ಲಿ ಯಾರನ್ನು 'ಹೊರಗಿನವರು' ಎಂದು ತೆಗೆದುಹಾಕಿದರೂ ಉಳಿದವರ ಕಸುಬು ಕುಂಟುತ್ತದೆ.

ಹಾಗಿದ್ದರೆ ಪೇಟೆಗೆ ಆತಂಕ ಯಾವುದು? 1898ರ ಪ್ಲೇಗು ಇಲ್ಲಿನ ಇಕ್ಕಟ್ಟಿನ ಮನೆಗಳಲ್ಲಿ ಹರಡಿದ ಮೇಲೆ ಸರ್ಕಾರ ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳನ್ನು ಮಾಡಿತು. ಉಳ್ಳವರು ಆಚೆ ಹೋದರು. ಅದು ಪ್ರಾಣದ ಪ್ರಶ್ನೆ, ಬೇರೆ ದಾರಿಯಿರಲಿಲ್ಲ. ಈಗ ನಡೆದಿರುವುದು ನಿಧಾನದ ಖಾಲಿತನ. ಕೆಳಗೆ ಅಂಗಡಿ, ಮೇಲೆ ಮನೆ ಎಂಬುದು ಪೇಟೆಯ ಕಟ್ಟಡಗಳ ಕ್ರಮವಾಗಿತ್ತು. ತೊಟ್ಟಿ ಮನೆಗಳು ಒಂದೊಂದಾಗಿ ಉರುಳಿ ಕಿಷ್ಕಿಂಧೆಯಂಥ ಬಹುಮಹಡಿ ಮಳಿಗೆಗಳಾಗಿವೆ. ಮೇಲಿನ ಮಹಡಿ ಗೋದಾಮಾಗಿದೆ. ಅಂಗಡಿಯವರು ಜಯನಗರದಿಂದಲೋ ರಾಜಾಜಿನಗರದಿಂದಲೋ ಬೆಳಿಗ್ಗೆ ಬಂದು ಸಂಜೆ ಹೋಗುತ್ತಾರೆ. ಗುಡಿಯ ಉತ್ಸವಕ್ಕೆ ಹೆಗಲು ಕೊಡಲು, ಬೀದಿಯ ಬಡವನ ಮನೆಯ ಸಾವಿಗೆ ನಿಲ್ಲಲು ಅಲ್ಲೇ ವಾಸವಿರುವ ಜನ ಬೇಕು. ಗೋದಾಮುಗಳು ನೆರೆಹೊರೆಯಾಗಲಾರವು. ವೈರುಗಳ ಜಾಲ, ಜವಳಿ ತುಂಬಿದ ಮಹಡಿಗಳು, ಅಗ್ನಿಶಾಮಕ ಗಾಡಿ ನುಗ್ಗಲಾಗದ ಓಣಿಗಳು ಸೇರಿದರೆ ಬೆಂಕಿಯ ಅಪಾಯ ಬೇರೆ.

ಇದಕ್ಕೆ ರಸ್ತೆ ಅಗಲಿಸುವುದೇ ಮದ್ದು ಎಂದು 2009ರ ಸುಮಾರಿಗೆ ಪಾಲಿಕೆ ಹೊರಟಾಗ ಅವೆನ್ಯೂ ರಸ್ತೆಯ ವರ್ತಕರು ಅಂಗಡಿ ಮುಚ್ಚಿ ವಿರೋಧಿಸಿದರು. ಅವರಿಗೆ ಸ್ವಂತ ಲಾಭನಷ್ಟದ ಲೆಕ್ಕವಿತ್ತು, ನಿಜ. ಆದರೆ ಅವರು ಹೇಳಿದ್ದರಲ್ಲಿ ಹುರುಳಿತ್ತು. ಇಲ್ಲಿನ ಅಂಗಡಿಗಳ ಆಳವೇ ಕಡಿಮೆ. ಎರಡೂ ಕಡೆ ಕೆಲವು ಅಡಿ ಕೊಯ್ದರೆ ಹಲವರಿಗೆ ಅಂಗಡಿಯೇ ಉಳಿಯದು. ಉಳಿಯುವವರು ದೊಡ್ಡ ಬಂಡವಾಳದವರು ಮಾತ್ರ. ಹಳೆ ಪಠ್ಯಪುಸ್ತಕ ಮಾರುವವರು, ಭಾನುವಾರ ಮುಚ್ಚಿದ ಅಂಗಡಿಗಳ ಮುಂದೆ ಪುಸ್ತಕ ಹರಡಿಕೊಂಡು ಕೂರುವವರು ಎಲ್ಲಿ ಹೋಗಬೇಕು? ಮೆಟ್ರೊ ಬಂದ ಮೇಲಂತೂ ಗ್ರಾಹಕರ ಕಾರಿಗಾಗಿ ಪೇಟೆಯನ್ನು ಕೆಡವುವುದಕ್ಕೆ ಕಾರಣವೇ ಉಳಿದಿಲ್ಲ. ಹಗಲು ಕಾರು ಬಿಡದೆ, ಸರಕಿನ ಗಾಡಿಗೆ ರಾತ್ರಿಯ ಹೊತ್ತು ಗೊತ್ತುಮಾಡಿ, ಚರಂಡಿ, ವಿದ್ಯುತ್ತು, ಶೌಚಾಲಯ ಸರಿಪಡಿಸಿದರೆ ಈ ಬೀದಿಗೆ ಬೇಕಾದ ಮುಕ್ಕಾಲು ಪಾಲು ಆಯಿತು.

ಈ ಮಾತು ನಮ್ಮ ಊರುಗಳಿಗೂ ಸಲ್ಲುತ್ತದೆ. ಹಾಸನದ ಕಟ್ಟಿನಕೆರೆ ಮಾರುಕಟ್ಟೆಯ ಸುತ್ತಿನ ಬೀದಿಗಳಲ್ಲಿ, ಪೆನ್ಷನ್ ಮೊಹಲ್ಲದಲ್ಲಿ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಪೇಟೆ ಬೀದಿಗಳಲ್ಲಿ ಸಣ್ಣ ಪ್ರಮಾಣದಲ್ಲಿ ಇದೇ ಕೂಡುಬಾಳು ಇದೆ. ಅಗಲೀಕರಣದ ಗುರುತು ಹಾಕುವ ಮೊದಲು ಆ ಬೀದಿಯಲ್ಲಿ ಯಾರು ಯಾವ ಕಸುಬು ಮಾಡುತ್ತಾರೆ, ಎಷ್ಟು ಮನೆಗಳಲ್ಲಿ ಇನ್ನೂ ಜನ ವಾಸವಿದ್ದಾರೆ, ಯಾವ ಗುಡಿ ದರ್ಗಾಗಳ ಉತ್ಸವದ ದಾರಿ ಅದು ಎಂಬುದನ್ನು ನಗರಾಡಳಿತಗಳು ಬರೆದು ಜನರ ಮುಂದೆ ಇಡಬೇಕು. ಓದುಗರು ತಮ್ಮ ವಾರ್ಡಿನ ಸದಸ್ಯರನ್ನು ಈ ಒಂದು ಪಟ್ಟಿಗಾಗಿ ಕೇಳಲಿ.